ಗ್ಯಾಲನ್ ಅಂದ್ರೆ ಎಷ್ಟು ಲೀಟರ್? ಔಷಧಿ ಕಲಸೋ ಮುಂಚೆ ಈ ಲೆಕ್ಕ ನೋಡಿ

ವಿದೇಶಿ ವಿಡಿಯೋ ನೋಡಿ ಔಷಧಿ ಕಲಸೋರು ಈಗ ಬಹಳ ಜನ. ನೋಡೋದು ತಪ್ಪಲ್ಲ, ಆದ್ರೆ ಅವರ ಅಳತೆಯೇ ಬೇರೆ.

ಸಾವಯವಕ್ಕೆ ಬಂದ ಹೊಸತರಲ್ಲಿ ನಾನೂ ಒಂದು ಅಮೆರಿಕದ ವಿಡಿಯೋ ನೋಡಿದ್ದೆ. ಒಂದು ಗ್ಯಾಲನ್ ನೀರಿಗೆ ಎರಡು ಟೇಬಲ್ ಸ್ಪೂನ್ ಬೇವಿನ ಎಣ್ಣೆ ಅಂದಿದ್ರು. ಗ್ಯಾಲನ್ ಅಂದ್ರೆ ಎರಡು ಲೀಟರ್ ಇರ್ಬೇಕು ಅಂತ ಅಂದಾಜು ಮಾಡಿ 16 ಲೀಟರ್ ಕ್ಯಾನ್‌ಗೆ 240 ಮಿಲಿ ಸುರಿದೆ. ಕೆಲವೇ ದಿನಕ್ಕೆ ಟೊಮೆಟೊ ಎಲೆಯ ಅಂಚೆಲ್ಲ ಸುಟ್ಟುಹೋಯ್ತು. ತಪ್ಪು ಎಣ್ಣೆಯದಲ್ಲ, ನನ್ನ ಲೆಕ್ಕದ್ದು.

ಈ ಅಳತೆಗಳನ್ನು ಬರೆದಿಟ್ಟುಕೊಳ್ಳಿ:

- 1 ಟೀ ಸ್ಪೂನ್ = ಸುಮಾರು 5 ಮಿಲಿ
- 1 ಟೇಬಲ್ ಸ್ಪೂನ್ = 3 ಟೀ ಸ್ಪೂನ್ = ಸುಮಾರು 15 ಮಿಲಿ
- 1 ಫ್ಲೂಯಿಡ್ ಔನ್ಸ್ = ಅಮೆರಿಕದಲ್ಲಿ 29.6 ಮಿಲಿ, ಬ್ರಿಟನ್‌ನಲ್ಲಿ 28.4 ಮಿಲಿ
- 1 ಅಮೆರಿಕನ್ ಗ್ಯಾಲನ್ = 3.785 ಲೀಟರ್
- 1 ಬ್ರಿಟಿಷ್ (ಇಂಪೀರಿಯಲ್) ಗ್ಯಾಲನ್ = 4.546 ಲೀಟರ್
- 1 ಸಿಸಿ = 1 ಮಿಲಿ

ಗ್ಯಾಲನ್ ಎರಡು ಥರ ಯಾಕೆ? ಬ್ರಿಟನ್ 1824ರ ಕಾಯ್ದೆಯ ಮೂಲಕ ಹೊಸ ಇಂಪೀರಿಯಲ್ ಗ್ಯಾಲನ್ ಜಾರಿಗೆ ತಂದಿತು. ಅಮೆರಿಕ ಮಾತ್ರ ಹಳೇ ವೈನ್ ಗ್ಯಾಲನ್ನನ್ನೇ ಉಳಿಸಿಕೊಂಡಿತು. ಹಾಗಾಗಿ ವಿಡಿಯೋ ಯಾವ ದೇಶದ್ದು ಅಂತ ಮೊದಲು ನೋಡಿ. ಇನ್ನೊಂದು ವಿಷಯ: ಪುಡಿ ಔಷಧಿಗೆ ಬರೀ ಔನ್ಸ್ ಅಂದ್ರೆ ಅದು ತೂಕ, ಸುಮಾರು 28 ಗ್ರಾಂ.

ಲೆಕ್ಕ ಮಾಡೋದು ಹೀಗೆ:

1. ಔಷಧಿಯನ್ನು ಮಿಲಿಗೆ ತನ್ನಿ: 2 ಟೇಬಲ್ ಸ್ಪೂನ್ = 30 ಮಿಲಿ.
2. ನೀರನ್ನು ಲೀಟರ್‌ಗೆ ತನ್ನಿ: 1 ಗ್ಯಾಲನ್ = 3.785 ಲೀಟರ್.
3. ಭಾಗಿಸಿ: 30 ÷ 3.785 = ಲೀಟರ್‌ಗೆ ಸುಮಾರು 8 ಮಿಲಿ.
4. ನಿಮ್ಮ ಕ್ಯಾನ್‌ನಿಂದ ಗುಣಿಸಿ: 8 × 16 = 128 ಮಿಲಿ.

ನಾನು ಹಾಕಿದ್ದು 240. ಹೆಚ್ಚುಕಮ್ಮಿ ಎರಡು ಪಟ್ಟು!

ಇದು ಲೆಕ್ಕಕ್ಕೆ ಉದಾಹರಣೆ ಅಷ್ಟೇ, ಶಿಫಾರಸು ಅಲ್ಲ. ಅಲ್ಲಿನ ಎಣ್ಣೆಯ ಸಾಂದ್ರತೆ ಬೇರೆ, ನಮ್ಮದು ಬೇರೆ ಇರಬಹುದು. ನೀವು ಕೊಂಡ ಬಾಟಲಿ ಮೇಲೆ ಬರೆದಿರೋ ಪ್ರಮಾಣವೇ ಕೊನೇ ಮಾತು. ಹೊಸದಾದ್ರೆ ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು, ಎರಡು ಮೂರು ದಿನ ಕಾದು ನೋಡಿ.

ಬಾಟಲಿ ಮುಚ್ಚಳದಲ್ಲಿ ಅಳೆಯಬೇಡಿ, ಒಂದೊಂದು ಕಂಪನಿಯದು ಒಂದೊಂದು ಅಳತೆ. ಅಡುಗೆಮನೆ ಚಮಚವಂತೂ ಬೇಡವೇ ಬೇಡ. ಮೆಡಿಕಲ್ ಶಾಪ್‌ನಿಂದ ಸೂಜಿ ಇಲ್ಲದ ಸಿರಿಂಜ್ ಅಥವಾ ಅಳತೆಯ ಕಪ್ ತಂದು, ಔಷಧಿಗೆ ಅಂತಲೇ ಬೇರೆ ಇಡಿ, ಮಕ್ಕಳ ಕೈಗೆ ಸಿಗದ ಹಾಗೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿದ ಮೇಲೆ ಅದೇ ಮೊಬೈಲ್‌ನ ಕ್ಯಾಲ್ಕುಲೇಟರ್ ಕೂಡ ಒಮ್ಮೆ ತೆರೆಯಿರಿ.