ಹಳೆ ಮದ್ರಾಸ್ ರಸ್ತೆಯ ಮುಂದಿನ ಊರುಗಳು

ದೊಮ್ಮಲೂರಿನ ಕಿರಿಯ ಓದುಗರಿಗೆ,

ರಜೆ ಸಿಕ್ಕೊಡನೆ ಎಲ್ಲರೂ ಹೋಗುವ ನಂದಿಬೆಟ್ಟಕ್ಕೇ ಹೊರಡುವ ತರುಣರು ಒಮ್ಮೆ ಪೂರ್ವಕ್ಕೆ, ಕೋಲಾರ ಜಿಲ್ಲೆಯ ಒಳನಾಡಿಗೆ ಹೋಗಿಬರಬೇಕು. ಹೋದಲ್ಲಿ ಗುಡಿಯನ್ನಷ್ಟೇ ನೋಡಿ ಹಿಂದಿರುಗದೆ, ಆ ಗುಡಿಯನ್ನು ಸಾಕಿದ ಕೆರೆಯನ್ನೂ ನೋಡಬೇಕು. ಈ ನೋಟದ ಅಭ್ಯಾಸ ದೊಮ್ಮಲೂರಿನಲ್ಲಿಯೇ ಆರಂಭವಾಗಬಹುದು. ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯ ವಿಷ್ಣುವಿನದು; ಅದರ ಕಲ್ಲುಗಳ ಮೇಲೆ 13ನೆಯ ಶತಮಾನದ ತಮಿಳು ಶಾಸನಗಳಿದ್ದು, ದೇವರಿಗೆ ಬಿಟ್ಟ ದತ್ತಿಗಳ ನಡುವೆ ವಿಣ್ಣಮಂಗಲದ ಕೆರೆಯ ಹೆಸರೂ ಬರುತ್ತದೆ. ದತ್ತಿ ಎಂದರೆ ದೇವರ ಪೂಜೆ, ನೈವೇದ್ಯಗಳು ನಿಲ್ಲದೆ ನಡೆಯಲೆಂದು ಬಿಟ್ಟ ಭೂಮಿ ಅಥವಾ ಆದಾಯ.

ಕೋಲಾರ ಜಿಲ್ಲೆಗೆ ಹೋಗಲು ಕೃಷ್ಣರಾಜಪುರದಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಮಾಲೂರು, ಟೇಕಲ್ ದಾಟಿ ಬಂಗಾರಪೇಟೆ ಸಿಗುತ್ತದೆ. ಟೇಕಲ್ಲಿನ ಬಂಡೆಗುಡ್ಡಗಳು ಕಿಟಕಿಯಿಂದಲೇ ಕಾಣುತ್ತವೆ. ಹಳೆ ಮದ್ರಾಸ್ ರಸ್ತೆಯಲ್ಲಿ ಹೋಗುವವರು ಕೋಲಾರದಲ್ಲಿ ಇಳಿದು ಕೋಲಾರಮ್ಮನ ಗುಡಿಯನ್ನು ನೋಡಬಹುದು; ಅಲ್ಲಿ ಇಟ್ಟಿಗೆಯಲ್ಲಿದ್ದ ಭಾಗಗಳನ್ನು ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಲಾಯಿತು.

ಆದರೆ ಒಂದೇ ದಿನವಿದ್ದರೆ ಆ ದಿನವನ್ನು ಮುಳಬಾಗಿಲು ತಾಲ್ಲೂಕಿನ ಆವನಿಗೆ ಮೀಸಲಿಡುವುದು ಲೇಸು. ಗಂಗರಿಗೂ ರಾಷ್ಟ್ರಕೂಟರಿಗೂ ಸಮಕಾಲೀನರಾಗಿ ಈ ಸೀಮೆಯನ್ನು ಆಳಿದ ನೊಳಂಬರ ಕಾಲದ ಗುಡಿಗಳು ಅಲ್ಲಿ ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳನ್ನು ಹೊತ್ತು ನಿಂತಿವೆ; ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇತ್ತೆಂದೂ ಲವಕುಶರು ಇಲ್ಲಿಯೇ ಹುಟ್ಟಿದರೆಂದೂ ನಂಬುವ ಊರಿನವರು ಬೆಟ್ಟದ ಮೇಲಿನ ಸೀತೆಯ ಗುಡಿಗೆ ಇಂದಿಗೂ ಹತ್ತಿ ಹೋಗುತ್ತಾರೆ. ಅಲ್ಲಿನ ಲಕ್ಷ್ಮಣೇಶ್ವರ ಗುಡಿಯ ಭುವನೇಶ್ವರಿಯಲ್ಲಿ, ಅಂದರೆ ಮಂಟಪದ ನಡುಛಾವಣಿಯ ಕೆತ್ತನೆಯಲ್ಲಿ, ಉಮಾಮಹೇಶ್ವರರ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಕಣ್ಣು ಕತ್ತಲೆಗೆ ಹೊಂದುವವರೆಗೆ ಅಲ್ಲಿ ಸುಮ್ಮನೆ ನಿಲ್ಲಬೇಕು. 10ನೆಯ ಶತಮಾನದ ಶಾಸನವೊಂದು ಈ ಸ್ಥಾನದ ಅಧಿಪತಿಯಾಗಿದ್ದ ತ್ರಿಭುವನಕರ್ತಾರನೆಂಬ ಯತಿ 50 ದೇವಾಲಯಗಳನ್ನೂ 2 ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಹೇಳುತ್ತದೆ. ಗುಡಿ ಕಟ್ಟಿದವನ ಪುಣ್ಯವನ್ನು ಎಣಿಸುವಾಗ ಕೆರೆಯನ್ನು ಮರೆಯದ ಈ ಶಾಸನ ಎಷ್ಟು ದೊಡ್ಡ ಮಾತನ್ನು ಆಡುತ್ತದೆ!

ಸಮಯವುಳಿದರೆ ಮುಳಬಾಗಿಲಿನ ಆಚೆಯ ಕುರುಡುಮಲೆಯಲ್ಲಿ ಆಳೆತ್ತರವನ್ನೂ ಮೀರಿದ ಏಕಶಿಲೆಯ ಗಣಪತಿಯನ್ನು ನೋಡಬಹುದು.

ಹಳ್ಳಿಗಳನ್ನು ನೋಡಬರುವವರಿಗೆ ಕೆಲವೆಡೆ ವಿಶೇಷ ಅನುಕೂಲಗಳಿರುತ್ತವೆ; ಜಪಾನಿನ ಎಚಿಗೊ-ತ್ಸುಮಾರಿ ಎಂಬ ಹಳ್ಳಿಗಾಡಿನಲ್ಲಿ 2000ನೆಯ ಇಸವಿಯಿಂದ ಮುಚ್ಚಿದ ಶಾಲೆಗಳಲ್ಲಿ, ಪಾಳುಬಿದ್ದ ಮನೆಗಳಲ್ಲಿ, ಗದ್ದೆಗಳಲ್ಲಿ ಕಲಾಕೃತಿಗಳನ್ನಿಟ್ಟು, ಪ್ರವಾಸಿಗಳು ಊರಿಂದ ಊರಿಗೆ ಸಾಗುವಂತೆ ಏರ್ಪಾಡು ಮಾಡಲಾಗಿದೆ. ಕೋಲಾರದ ಒಳಹಳ್ಳಿಗಳಲ್ಲಿ ಅಂಥ ಅನುಕೂಲವನ್ನು ನಿರೀಕ್ಷಿಸದೆ, ಬುತ್ತಿ, ನೀರು ಕಟ್ಟಿಕೊಂಡು ಬೆಳಗ್ಗೆಯೇ ಹೊರಟು, ಅರ್ಚಕರನ್ನೂ ದನ ಕಾಯುವವರನ್ನೂ ವಿನಯದಿಂದ ಕೇಳಿ ದಾರಿ ತಿಳಿಯುವುದು ಸರಿಯಾದ ಕ್ರಮ.

ಹಿಂದಿರುಗುವಾಗ ಕೋಲಾರದ ಸಮೀಪದ ಲಕ್ಷ್ಮೀಸಾಗರದ ಕೆರೆಯ ಏರಿಯ ಮೇಲೆ ತುಸು ಹೊತ್ತು ನಿಲ್ಲಬೇಕು. ದೊಮ್ಮಲೂರು ಸೇರಿದಂತೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ನೀರು ಹರಿದು ಒಂದೆಡೆ ಸೇರುವ ತಗ್ಗು ಪ್ರದೇಶದ, ಮನೆಗಳ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಈ ಬರದ ಜಿಲ್ಲೆಯ ಕೆರೆಗಳಿಗೆ ಹಾಯಿಸಲಾಗುತ್ತಿದೆ. ಅಂತರ್ಜಲ ಏರಲೆಂದು ತುಂಬಿಸಿದ ಈ ನೀರು ಕುಡಿಯಲು ತಕ್ಕುದಲ್ಲ. ದೊಮ್ಮಲೂರಿನ ಬಚ್ಚಲಿಗೆ ಸುರಿಯುವ ಬಣ್ಣ, ಎಣ್ಣೆ, ಔಷಧಿಗಳಲ್ಲಿ ಎಷ್ಟು ಭಾಗ ಈ ಕೆರೆಗಳವರೆಗೆ ಬರಬಹುದೆಂದು ಆ ಏರಿಯ ಮೇಲೆ ನಿಂತು ಯೋಚಿಸಬೇಕೆಂಬುದೇ ಈ ಪತ್ರದ ಕೋರಿಕೆ.

ಇತಿ,
ದೊಮ್ಮಲೂರಿನ ಹಿರಿಯ ನಿವಾಸಿ