ಬಂಪರಿಗೆ ತೂತು ಕೊರೆಯುವ ಮುನ್ನ

ಪುಟ್ಟೀ, ಮಿಷಿಗನ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಕ್ಯಾಲಿಫೋರ್ನಿಯಾ ಸೇರಿದೆಯಲ್ಲ, ಸಂತೋಷ. ಅಲ್ಲಿ ಕಾರಿನ ಹಿಂದೆ ಒಂದು ನಂಬರ್ ಪ್ಲೇಟ್ ಇದ್ದರೆ ಸಾಕಿತ್ತು. ಇಲ್ಲಿ ಹಾಗಲ್ಲ. ಈ ರಾಜ್ಯದಲ್ಲಿ ನೆಲೆಸಿದವರು 20 ದಿನದೊಳಗೆ ವಾಹನ ಇಲಾಖೆಯಾದ ಡಿಎಂವಿಯಲ್ಲಿ ಕಾರು ನೋಂದಾಯಿಸಬೇಕು. ಅವರು ಕೈಗೆ ಎರಡು ಪ್ಲೇಟ್ ಕೊಡುತ್ತಾರೆ. ನಿನ್ನ ಕಾರಿನ ಮುಂದಿನ ಬಂಪರ್ ನೋಡಿದೆ, ಎಲ್ಲೂ ಒಂದು ತೂತಿಲ್ಲ. ಯಾರಾದರೂ ಡ್ರಿಲ್ ಹಿಡಿದು ಅದರ ಮುಂದೆ ಕೂರುವ ಮೊದಲು ಈ ಮಾವನ ನಾಲ್ಕು ಮಾತು ಕೇಳು.

ಆಫೀಸಿನ ಗೆಳೆಯರು, 'ಮುಂದಿನ ಪ್ಲೇಟ್ ಹಾಕದಿದ್ದರೂ ನಡೆಯುತ್ತೆ, ಯಾರೂ ಕೇಳಲ್ಲ' ಅನ್ನುತ್ತಾರೆ. ಕೆಲವರು ವರ್ಷಗಟ್ಟಲೆ ಹಾಗೇ ಓಡಾಡಿಕೊಂಡಿದ್ದಾರೆ ಅನ್ನುವುದೂ ನಿಜ. ನೀನು ಆ ದಾರಿ ಹಿಡಿಯಬೇಡ. ಎರಡು ಪ್ಲೇಟ್ ಕೊಟ್ಟಿದ್ದರೆ ಒಂದು ಮುಂದೆ, ಒಂದು ಹಿಂದೆ ಇರಲೇಬೇಕು ಎಂದು ಕ್ಯಾಲಿಫೋರ್ನಿಯಾ ವಾಹನ ಕಾಯ್ದೆಯ 5200ನೇ ಕಲಂ ಹೇಳುತ್ತದೆ. ಪೊಲೀಸರು ನಿಲ್ಲಿಸಿದರೆ ಸಾಮಾನ್ಯವಾಗಿ ಕೊಡುವುದು ಸರಿಪಡಿಸಿಕೊಳ್ಳುವ ಟಿಕೆಟ್. ಪ್ಲೇಟ್ ಹಾಕಿ, ಅಧಿಕಾರಿಯೊಬ್ಬರಿಗೆ ತೋರಿಸಿ ಸಹಿ ಪಡೆದು, 25 ಡಾಲರ್ ಕಟ್ಟಿದರೆ ಮುಗಿಯುತ್ತದೆ. ಹಣ ದೊಡ್ಡದಲ್ಲ. ಆದರೆ ಹಣದ ಲೆಕ್ಕಕ್ಕಿಂತ ಬೇರೆ ಮಾತೊಂದಿದೆ. ರಸ್ತೆ ದಾಟುತ್ತಿರುವ ಮುದುಕರಿಗೋ ಸೈಕಲ್ ಮೇಲಿರುವ ಹುಡುಗನಿಗೋ ಒಂದು ಕಾರು ಗುದ್ದಿ ಓಡಿಹೋದರೆ, ಎದುರಿನಿಂದ ನೋಡಿದವರ ಕಣ್ಣಿಗೆ ಬೀಳುವುದು ಕಾರಿನ ಮುಖ. ಅಲ್ಲಿ ಸಂಖ್ಯೆ ಇರಬೇಕು. ನಾವು ಇನ್ನೊಬ್ಬರ ಊರಿಗೆ ಬಂದು ಬದುಕು ಕಟ್ಟಿಕೊಂಡವರು. ಇಲ್ಲಿನ ದಾರಿಹೋಕರಿಗೆ ನಾವು ಕೊಡಬೇಕಾದ ಭರವಸೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಪ್ಲೇಟನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳುವ ಅಭ್ಯಾಸವೂ ಬೇಡ. ಅಲುಗಾಡದಂತೆ ಭದ್ರವಾಗಿ ಕಟ್ಟಿರಬೇಕು, ಅಕ್ಷರಗಳು ನೆಟ್ಟಗೆ ನಿಂತು ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ ಮುಂದಿನ ಕಲಂ, 5201. ಜೋರಾಗಿ ಬ್ರೇಕ್ ಹಾಕಿದಾಗ ಆ ಅಲ್ಯೂಮಿನಿಯಂ ತಗಡು ಎಲ್ಲಿಗೆ ಹಾರೀತು ಯೋಚಿಸು. ಅದೇ ಕಲಂ ಪ್ಲೇಟಿನ ಮೇಲೆ ಹೊದಿಸುವ ಬಣ್ಣದ ಕವರುಗಳನ್ನೂ ಒಪ್ಪುವುದಿಲ್ಲ. ಮುಂದಿನ ಪ್ಲೇಟ್ ನೆಲದಿಂದ 60 ಇಂಚಿಗಿಂತ ಮೇಲಿರಬಾರದು ಎಂದಿದೆ. ಬಂಪರಿನ ನಟ್ಟನಡುವೆಯೇ ಇರಬೇಕು ಅಂತ ಮಾತ್ರ ಎಲ್ಲೂ ಹೇಳಿಲ್ಲ. ಈ ಕೊನೆಯ ಅಂಶ ನೆನಪಿಟ್ಟುಕೋ, ನಿನ್ನ ಬಂಪರನ್ನು ಉಳಿಸುವುದು ಇದೇ.

ಭಾರತದ ನಮ್ಮೂರಲ್ಲಿ ನಮಗೆ ಈ ತಲೆನೋವೇ ಇರಲಿಲ್ಲ. ಅಲ್ಲಿ ಎಲ್ಲ ಕಾರಿಗೂ ಎರಡು ಪ್ಲೇಟ್ ಕಡ್ಡಾಯ, ಹಾಗಾಗಿ ಕಂಪನಿಯೇ ಮುಂದೆ ಜಾಗ ಬಿಟ್ಟಿರುತ್ತದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಮಿಷಿಗನ್, ಫ್ಲಾರಿಡಾ, ಪೆನ್ಸಿಲ್ವೇನಿಯಾ, ಅರಿಜೋನಾಗಳಲ್ಲಿ ಹಿಂದೊಂದೇ. ಒಹಾಯೊ 2020ರ ಜುಲೈನಲ್ಲಿ ಮುಂದಿನದನ್ನು ಕೈಬಿಟ್ಟಿತು, ಯೂಟಾ 2025ರ ಜನವರಿಯಲ್ಲಿ. ನ್ಯೂಯಾರ್ಕ್, ನ್ಯೂಜೆರ್ಸಿ, ಟೆಕ್ಸಾಸ್, ವಾಷಿಂಗ್ಟನ್‌ಗಳಲ್ಲಿ ಎರಡೂ ಬೇಕು. ಅದಕ್ಕೇ ನಿನ್ನ ಹಾಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೆಲಸ ಬದಲಿಸುವವರಿಗೆ ಈ ಪ್ರಶ್ನೆ ಎದುರಾಗುತ್ತದೆ. ಪ್ಲೇಟಿನ ಅಳತೆಯಾದರೂ ಎಲ್ಲ ಕಡೆ ಒಂದೇ: 12 ಇಂಚು ಅಗಲ, 6 ಇಂಚು ಎತ್ತರ, ತೂತುಗಳ ನಡುವೆ 7 ಇಂಚು. 1950ರ ದಶಕದಲ್ಲಿ ಇದು ಗಟ್ಟಿಯಾಯಿತು. ಹಾಗಾಗಿ ಇಲ್ಲಿ ಕೊಂಡ ಬ್ರ್ಯಾಕೆಟ್ ನಾಳೆ ಬೇರೆ ರಾಜ್ಯಕ್ಕೆ ಹೋದರೂ ಕೆಲಸಕ್ಕೆ ಬರುತ್ತದೆ.

ಈಗ ಬಂಪರಿನ ವಿಷಯ. ಹೊರಗೆ ಕಾಣುವುದು ಪ್ಲಾಸ್ಟಿಕ್ ಹೊದಿಕೆ, ಅಷ್ಟೆ. ಅದರ ಹಿಂದೆ ಪೆಟ್ಟು ಹೀರುವ ಫೋಮು, ಅದರ ಹಿಂದೆ ಲೋಹದ ತೊಲೆ. ಪ್ಲಾಸ್ಟಿಕ್ ಆದ್ದರಿಂದ ಅಯಸ್ಕಾಂತದ ಪ್ಲೇಟ್ ಹಿಡಿಕೆ ಅಲ್ಲಿ ನಿಲ್ಲುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡ. ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಕೊರೆದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಅದನ್ನು ತುಂಬಿ, ಉಜ್ಜಿ, ಬಂಪರಿಗೆಲ್ಲ ಬಣ್ಣ ಹೊಡೆಸಬೇಕಾಗುತ್ತದೆ. ಸಾಲದ್ದಕ್ಕೆ ಇಂದಿನ ಕಾರುಗಳ ಮೂತಿಯಲ್ಲಿ ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ, ಎದುರಿನ ಕಾರಿನ ದೂರ ಅಳೆಯುವ ರಾಡಾರ್ ಎಲ್ಲ ಅಡಗಿರುತ್ತವೆ. ಕಾರಿನ ಮ್ಯಾನುಯಲ್ ತೆಗೆದು, ಅವು ಎಲ್ಲೆಲ್ಲಿ ಇವೆ ಎಂದು ಮೊದಲು ಗುರುತಿಸಿಕೋ. ರಾಡಾರಿನ ಮುಂದೆ ಲೋಹದ ತಗಡು ನಿಲ್ಲಿಸಿದರೆ, ತಾನೇ ಬ್ರೇಕ್ ಹಾಕಿ ನಿನ್ನನ್ನು ಕಾಯಬೇಕಾದ ವ್ಯವಸ್ಥೆಯ ಕಣ್ಣು ಕಟ್ಟಿದಂತೆ.

ನನ್ನ ಮೊದಲ ಆಯ್ಕೆ ಟೋ ಹುಕ್ಕಿನ ಜಾಗ. ಬಂಪರಿನ ಒಂದು ಪಕ್ಕದಲ್ಲಿ ಚೌಕವೋ ದುಂಡೋ ಆದ ಸಣ್ಣ ಮುಚ್ಚಳ ಇರುತ್ತದೆ. ಒಂದು ಅಂಚನ್ನು ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಒಳಗೆ ಮರೆಯುಳ್ಳ, ಅಂದರೆ ಸ್ಕ್ರೂ ಥ್ರೆಡ್ ಇರುವ, ತೂತು ಕಾಣುತ್ತದೆ. ಕೆಟ್ಟುನಿಂತ ಕಾರನ್ನು ಎಳೆಯಲು ಕೊಕ್ಕೆ ತಿರುಗಿಸುವುದು ಅಲ್ಲಿಗೆ. ಅದೇ ತೂತಿಗೆ ಕೂರುವ ಪ್ಲೇಟ್ ಬ್ರ್ಯಾಕೆಟ್ ಸಿಗುತ್ತದೆ. ಹೊಸ ತೂತು ಒಂದೂ ಬೇಡ, ಬೇಡವೆನಿಸಿದ ದಿನ ತಿರುಗಿಸಿ ತೆಗೆದರೆ ಕಾರು ಮೊದಲಿನಂತೆಯೇ. ಮರೆಯ ಅಳತೆ ಕಾರಿನಿಂದ ಕಾರಿಗೆ ಬೇರೆ, ಕೆಲವುಗಳಲ್ಲಿ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಆದ್ದರಿಂದ 'ಎಲ್ಲ ಕಾರಿಗೂ ಆಗುತ್ತೆ' ಎನ್ನುವುದನ್ನು ಕೊಳ್ಳದೆ, ನಿನ್ನ ಮಾಡೆಲ್ಲಿನ ಹೆಸರು, ಇಸವಿ ಬರೆದಿರುವುದನ್ನೇ ಕೊಳ್ಳು. ಡಿಕ್ಕಿಯ ಸಾಮಾನಿನ ಜೊತೆ ಕಂಪನಿಯ ಕೊಕ್ಕೆ ಇದ್ದರೆ, ಅದರ ಮರೆಗೆ ಹೋಲಿಸಿ ನೋಡು. ಮೊದಲು ಕೈಯಲ್ಲೇ ಸಲೀಸಾಗಿ ತಿರುಗಬೇಕು. ತಡೆದರೆ ಸ್ಪ್ಯಾನರ್ ಹಾಕಿ ಬಲ ಪ್ರಯೋಗಿಸಬೇಡ, ಮರೆ ಹಾಳಾದರೆ ನಾಳೆ ಕಾರು ಎಳೆಯುವುದಕ್ಕೂ ಆಗದು. ಕೂಡಿಸಿದ ಮೇಲೆ ಲಾಕ್ ನಟ್ ಬಿಗಿ ಮಾಡು, ಕೆಲವು ವಾರ ಓಡಿಸಿ ಇನ್ನೊಮ್ಮೆ ನೋಡು. ಪ್ಲೇಟಿನ ಅಂಚು ಬಂಪರಿಗೆ ತಾಗುವಂತಿದ್ದರೆ ಹಿಂದೆ ರಬ್ಬರ್ ತುಂಡೊಂದನ್ನು ಅಂಟಿಸು. ಗಾಳಿಗೆ ನಡುಗುವ ತಗಡು ಬಣ್ಣವನ್ನು ದಿನಾ ಸ್ವಲ್ಪಸ್ವಲ್ಪ ತಿನ್ನುತ್ತದೆ. ಪಾರ್ಕಿಂಗ್ ಸೆನ್ಸರ್ ಸುಮ್ಮಸುಮ್ಮನೆ ಕೂಗಿದರೆ ಪ್ಲೇಟನ್ನು ತುಸು ಆಚೀಚೆ ಸರಿಸಿದರಾಯಿತು.

ಗ್ರಿಲ್ಲಿಗೆ ಹಿಡಿಸುವ ಕ್ಲಾಂಪುಗಳೂ ಇವೆ. ಗ್ರಿಲ್ಲಿನ ಹಿಂದೆ ತೆರೆದು ಮುಚ್ಚುವ ಪಟ್ಟಿಗಳಿದ್ದರೆ ಅದು ಬೇಡ.

ಎರಡನೆಯ ದಾರಿ ಅಂಟು. ಟೆಸ್ಲಾ ಮಾಡೆಲ್ 3ಕ್ಕೆ ಕಂಪನಿಯೇ ಅಂಟಿಸುವ ಬ್ರ್ಯಾಕೆಟ್ ಕೊಡುತ್ತದೆ. 3ಎಂ ಕಂಪನಿಯ ವಿಎಚ್‌ಬಿ ಟೇಪ್ ಹೆಸರು ನೀನು ಕೇಳಿರಬಹುದು, ಇದಕ್ಕೆ ಅಂಥದ್ದೇ ಬೇಕು. ಅಂಟಿನ ಕೆಲಸದಲ್ಲಿ ಶೇಕಡ ತೊಂಬತ್ತು ತೊಳೆಯುವುದರಲ್ಲಿದೆ. ಸೋಪಿನಿಂದ ತೊಳೆದು ಒಣಗಿಸಿ, ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸು. ಮೇಣದ ಪಾಲಿಷ್ ಉಳಿದಿದ್ದರೆ ಯಾವ ಟೇಪೂ ನಿಲ್ಲದು. ಬಂಪರ್ ಬೆಚ್ಚಗಿರುವ ಹೊತ್ತಿನಲ್ಲಿ ಅಂಟಿಸು, ಮುಂಜಾನೆಯ ಚಳಿಯಲ್ಲಿ ಬೇಡ. ಪೆನ್ಸಿಲ್ ಗುರುತಿನ ಬದಲು ಕಾಗದದ ಟೇಪಿನಲ್ಲಿ ನಡುಗೆರೆ ಹಾಕಿಕೊಂಡು, ಒಂದೇ ಸಲಕ್ಕೆ ಕೂರಿಸಿ ಗಟ್ಟಿಯಾಗಿ ಒತ್ತು. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು, ಅಲ್ಲಿಯವರೆಗೆ ಕಾರ್ ವಾಷ್ ಕಡೆ ಸುಳಿಯಬೇಡ. ಬಂಪರಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾಯಿ, ಇಲ್ಲದಿದ್ದರೆ ತೆಗೆಯುವಾಗ ಟೇಪಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ತೆಗೆಯುವಾಗ ಚಾಕು ಸ್ಕ್ರೂಡ್ರೈವರ್ ಮುಟ್ಟಬೇಡ. ಹೇರ್ ಡ್ರೈಯರ್‌ನಿಂದ ಕಾಯಿಸಿ, ಹಲ್ಲು ಶುಚಿಮಾಡುವ ದಾರವನ್ನು ಹಿಂದೆ ಹಾಕಿ ಗರಗಸದಂತೆ ಆಡಿಸಿದರೆ ಬಿಡುತ್ತದೆ.

ಎರಡೂ ಆಗದೆ ಕೊರೆಯಲೇಬೇಕಾದರೆ, ಕಂಪನಿಯ ಬ್ರ್ಯಾಕೆಟ್ ತರಿಸು. ಬಂಪರಿನ ಮೇಲೆ ತೂತಿಗೆಂದೇ ಸಣ್ಣ ಗುಳಿಗಳ ಗುರುತಿದೆಯೇ ಹುಡುಕು, ಹಲವು ಕಾರುಗಳಲ್ಲಿ ಇರುತ್ತದೆ. ಮೇಲೆ ಕಾಗದದ ಟೇಪ್ ಅಂಟಿಸಿ, ಚಿಕ್ಕ ಬಿಟ್ಟಿನಿಂದ ಶುರು ಮಾಡಬೇಕು. ಬಿಟ್ಟಿಗೂ ಒಂದು ಸುತ್ತು ಟೇಪ್ ಸುತ್ತಿದರೆ ಎಷ್ಟು ಆಳಕ್ಕೆ ನಿಲ್ಲಬೇಕೆಂದು ತಿಳಿಯುತ್ತದೆ. ಹಿಂದೆ ವೈರು, ಪೈಪುಗಳಿರಬಹುದು. ಸ್ಟೇನ್‌ಲೆಸ್ ಸ್ಕ್ರೂ, ನೈಲಾನ್ ವಾಷರ್. ಪ್ಲಾಸ್ಟಿಕ್ ಒಳಗೆ ಬಾಗುವಷ್ಟು ಬಿಗಿಯಬೇಡ.

ಮುಂದೆ ಹೊಸ ಕಾರು ಕೊಳ್ಳುವ ದಿನವೂ ಇದು ನೆನಪಿರಲಿ. ಡೀಲರ್ ಅಂಗಡಿಯಲ್ಲಿ ಕಾರು ಒಪ್ಪಿಸುವ ಮೊದಲು, ಕೇಳದೆಯೇ ಮುಂದೆ ಕೊರೆದುಬಿಡುವವರಿದ್ದಾರೆ. 'ನನ್ನನ್ನು ಕೇಳದೆ ಮುಂದೆ ಡ್ರಿಲ್ ಮಾಡಬೇಡಿ, ಬ್ರ್ಯಾಕೆಟ್ ಡಿಕ್ಕಿಯಲ್ಲಿಡಿ' ಎಂದು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ತಿಳಿಸು. ಲೀಸ್ ಕಾರಾದರೆ ಹಿಂದಿರುಗಿಸುವಾಗ ತೂತುಗಳ ಬಗ್ಗೆ ಒಪ್ಪಂದ ಏನು ಹೇಳುತ್ತದೆ ಓದಿಕೋ. ಟೋ ಹುಕ್ಕಿನ ಆ ಪುಟ್ಟ ಮುಚ್ಚಳ ಇದೆಯಲ್ಲ, ಬಂಪರಿನ ಬಣ್ಣದ್ದೇ ಅದು. ಕಳೆದರೆ ಬೇರೆ ತರಿಸಿ ಬಣ್ಣ ಹಾಕಿಸಬೇಕಾಗುತ್ತದೆ. ಒಂದು ಕವರಿನಲ್ಲಿ ಹಾಕಿ, ಕಾರಿನ ಹೆಸರು ಬರೆದು, ಕೊಕ್ಕೆಯ ಜೊತೆಗೇ ಡಿಕ್ಕಿಯಲ್ಲಿ ಇಟ್ಟುಬಿಡು.