ಮಳೆ, ಇಲಿ, ಜ್ವರ: ಮೂರರ ನಡುವಿನ ಲೆಕ್ಕ

ಹೋದ ಮಳೆಗಾಲದಲ್ಲಿ ನಮ್ಮ ರೂಮ್‌ಮೇಟ್‌ಗೆ ಜ್ವರ ಬಂತು. ಕಣ್ಣು ಕೆಂಪಾಗಿತ್ತು, ಮೀನಖಂಡ ಹಿಡ್ಕೊಂಡು ಒದ್ದಾಡ್ತಿದ್ದ. ಡೆಂಗ್ಯೂ ಇರ್ಬೇಕು ಅಂದ್ಕೊಂಡ್ವಿ. ಡಾಕ್ಟರ್ ಮೊದಲು ಕೇಳಿದ್ದೇ ಬೇರೆ: "ನಿಂತ ನೀರಲ್ಲಿ ಏನಾದ್ರೂ ನಡೆದಿದ್ದೇನಪ್ಪಾ?" ನಡೆದಿದ್ದ, ಅದೂ ಫುಟ್‌ಬಾಲ್ ಆಡಿ ತರಚಿದ್ದ ಕಾಲಲ್ಲಿ. ರಕ್ತ ಪರೀಕ್ಷೆಯಲ್ಲಿ ಇಲಿ ಜ್ವರ ಅಂತ ಬಂತು. ಬೇಗ ಚಿಕಿತ್ಸೆ ಸಿಕ್ಕಿ ಹುಷಾರಾದ. ಆದರೆ ಅವನು ಇಲಿಯನ್ನು ಮುಟ್ಟಿಯೇ ಇರಲಿಲ್ಲ. ಮತ್ತೆ ರೋಗ ಬಂದಿದ್ದು ಹೇಗೆ?

ನೀರೇ ದಾರಿ

ಇಲಿ ಜ್ವರದ ವೈದ್ಯಕೀಯ ಹೆಸರು ಲೆಪ್ಟೊಸ್ಪೈರೋಸಿಸ್. ಇದರ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಇರುತ್ತದೆ. ಇಲಿ ಆರಾಮಾಗೇ ಓಡಾಡ್ಕೊಂಡಿರುತ್ತೆ, ಮೂತ್ರದ ಜೊತೆ ಬ್ಯಾಕ್ಟೀರಿಯಾ ಹೊರಗೆ ಬರುತ್ತದೆ. ಒಣ ನೆಲದಲ್ಲಿ ಅದು ಹೆಚ್ಚು ಹೊತ್ತು ಬದುಕುವುದಿಲ್ಲ. ಬೆಚ್ಚಗಿನ ಒದ್ದೆ ಮಣ್ಣು, ನಿಂತ ನೀರು ಸಿಕ್ಕರೆ ವಾರಗಟ್ಟಲೆ ಉಳಿಯುತ್ತದೆ. ಚರ್ಮದ ಗಾಯ, ಕಣ್ಣು, ಮೂಗು, ಬಾಯಿಯ ಮೂಲಕ ನಮ್ಮ ದೇಹ ಸೇರುತ್ತದೆ.

ಈಗ ಪ್ರವಾಹ ಬಂತು ಅಂದ್ಕೊಳ್ಳಿ. ಬಿಲಗಳಿಗೆ ನೀರು ನುಗ್ಗಿ ಇಲಿಗಳು ಮನೆಗಳ ಹತ್ತಿರ ಬರುತ್ತವೆ. ಚರಂಡಿ ನೀರು ರಸ್ತೆಗೆ ಬರುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಮುಂದಿನ ವಾರಗಳಲ್ಲಿ ಅಲ್ಲಿ ಇಲಿ ಜ್ವರ ಜೋರಾಗಿ ಹರಡಿತು. ನಮ್ಮ ಕರಾವಳಿ, ಮಲೆನಾಡಿನ ಗದ್ದೆ-ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಈ ಅಪಾಯ ಪ್ರತಿ ಮಳೆಗಾಲದಲ್ಲೂ ಇದೆ.

ಒಂದು ವರ್ಷದ ಡಿಲೇ

ಮಳೆಯ ಪರಿಣಾಮ ಯಾವಾಗಲೂ ತಕ್ಷಣ ಕಾಣುವುದಿಲ್ಲ. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ, ನಾಲ್ಕು ರಾಜ್ಯಗಳು ಸೇರುವ ಜಾಗದಲ್ಲಿ, ಗಟ್ಟಿಮುಟ್ಟಾದ ಯುವಕರು ಉಸಿರಾಟದ ತೊಂದರೆಯಿಂದ ಸಾಯತೊಡಗಿದರು. ಕಾರಣ ಡೀರ್ ಮೌಸ್ ಎಂಬ ಕಾಡಿಲಿಯಿಂದ ಬಂದ ಹಂಟಾ ವೈರಸ್. ಅಲ್ಲಿ ಬರಗಾಲದ ನಂತರ ಎಲ್ ನಿನೋದಿಂದ ಒಳ್ಳೆ ಮಳೆ, ಹಿಮ ಬಿದ್ದಿತ್ತು. ಪೈನ್ ಮರಗಳ ಬೀಜ ಹೇರಳವಾಗಿ ಸಿಕ್ಕಿ ಇಲಿಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಏರಿತ್ತು. ಇಲಿಗಳು ಮನೆ ಹೊಕ್ಕವು. ಒಣಗಿದ ಹಿಕ್ಕೆ, ಮೂತ್ರದ ಧೂಳು ಉಸಿರಿನ ಜೊತೆ ಒಳಗೆ ಹೋಯಿತು. ಮಳೆ ಜಾಸ್ತಿಯಾದ ವರ್ಷ ಇಲಿ, ಇಲಿಯ ಹಿಂದೆ ಕಾಯಿಲೆ ಅನ್ನೋದು ಅಲ್ಲಿನ ನವಾಹೋ ಹಿರಿಯರಿಗೆ ಮೊದಲೇ ಗೊತ್ತಿತ್ತು.

ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ, ಇನ್‌ಪುಟ್ ಎರಡೂ ಕಡೆ ಮಳೆಯೇ. ಮುಂಬೈಯಲ್ಲಿ ಔಟ್‌ಪುಟ್ ಬರೋಕೆ ಕೆಲವು ವಾರ ಸಾಕಾಯ್ತು, ಅಮೆರಿಕದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು. ಹಾಗಾಗಿ ಹವಾಮಾನದ ಮೇಲೆ ಕಣ್ಣಿಟ್ಟರೆ ರೋಗಕ್ಕೆ ಮೊದಲೇ ಸಿದ್ಧವಾಗಬಹುದು.

ನಾವೇನು ಮಾಡಬಹುದು?

ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ. ಇಳಿಯಲೇಬೇಕಾದರೆ ಬೂಟ್ ಹಾಕಿ, ಆಮೇಲೆ ಸೋಪಿನಿಂದ ಕಾಲು ತೊಳೆಯಿರಿ. ರೂಮಲ್ಲಿ ತಿಂಡಿ ಪ್ಯಾಕೆಟ್ ತೆರೆದಿಡಬೇಡಿ. ಇಲಿ ಹಿಕ್ಕೆ ಕಂಡರೆ ಒಣ ಪೊರಕೆಯಲ್ಲಿ ಗುಡಿಸದೆ, ಬ್ಲೀಚಿಂಗ್ ದ್ರಾವಣ ಹಾಕಿ ನೆನೆಸಿ, ಆಮೇಲೆ ಒರೆಸಿ. ನೀರಲ್ಲಿ ನಡೆದ ಒಂದು ತಿಂಗಳೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರ್ ಕೇಳುವವರೆಗೂ ಕಾಯಬೇಡಿ, ನೀವೇ ಹೇಳಿ. ಶುರುವಲ್ಲೇ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗಕ್ಕೇ ಪೆಟ್ಟು ಬೀಳಬಹುದು.

ನಮ್ಮ ರೂಮ್‌ಮೇಟ್ ಈಗಲೂ ಮಳೆಯಲ್ಲಿ ಫುಟ್‌ಬಾಲ್ ಆಡ್ತಾನೆ. ಆದರೆ ಬರಿಗಾಲಲ್ಲಿ ಅಲ್ಲ.